ನೋವು, ಮದ್ದು ಮತ್ತು ಮನಸ್ಸು

ಹಾಸನದಿಂದ ಮಂಗಳೂರಿಗೆ ರೈಲಿನಲ್ಲಿ ಪ್ರಯಾಣ ಮಾಡಿದವರಿಗೆ ದೋಣಿಗಲ್ ಎಂಬ ಸಣ್ಣ ನಿಲ್ದಾಣದ ನೆನಪಿರಬಹುದು. ಸಕಲೇಶಪುರವನ್ನು ಬಿಟ್ಟ ಬಳಿಕ ಸಿಗುವ ಮೊದಲನೆಯ ನಿಲ್ದಾಣವಿದು. ಇಲ್ಲಿಂದ ಮುಂದೆ ದಾರಿಯು ಪಶ್ಚಿಮಘಟ್ಟವನ್ನು ಇಳಿಯತೊಡಗುತ್ತದೆ. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೂ ನಡುವಣ ಸುಮಾರು 55 ಕಿಲೋಮೀಟರಿನ ಈ ಹಾದಿಯಲ್ಲಿ 57 ಸುರಂಗಗಳುಂಟು. ಏರು ಎಷ್ಟು ಕಡಿದೆಂದರೆ, 50 ಅಡಿ ಮುಂದೆ ಸಾಗುವಷ್ಟರಲ್ಲಿ ಗಾಡಿಯು 1 ಅಡಿ ಮೇಲೇರಬೇಕು. ಕರಾವಳಿಯಿಂದ ಭಾರ ಹೊತ್ತು ಬರುವ ಸರಕುಗಾಡಿಯನ್ನು ಈ ಏರಿನಲ್ಲಿ ಮುಂದಣ ಇಂಜಿನುಗಳೇ ಎಳೆದು ತರಲಾರವು. ಆದುದರಿಂದ ಗಾಡಿಯ ಹಿಂಬದಿಗೂ ಇಂಜಿನನ್ನು ಜೋಡಿಸುತ್ತಾರೆ. ಮುಂದಿನದು ಎಳೆಯುತ್ತದೆ, ಹಿಂದಿನದು ಒತ್ತುತ್ತದೆ. ಇವೆರಡರಲ್ಲಿ ಯಾವುದು ನಿಜವಾದ ಇಂಜಿನು, ಯಾವುದು ಸುಳ್ಳು ಎಂದು ಯಾರೂ ಜಗಳ ಹೂಡುವುದಿಲ್ಲ.

ದೀರ್ಘಕಾಲದ ನೋವಿನ ವಿಚಾರದಲ್ಲಿ ಮಾತ್ರ ಅಂಥ ಜಗಳವು ಇಂದಿಗೂ ನಮ್ಮ ನಡುವೆ ನಡೆದಿದೆ. ಮಾತ್ರೆಯೋ ಮನಸ್ಸೋ, ಎರಡರಲ್ಲಿ ಯಾವುದು ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತರುಣ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ದೋಣಿಗಲ್ಲಿನ ಸುತ್ತಣ ಕಾಫಿತೋಟಗಳನ್ನೇ ನೋಡೋಣ. ನವೆಂಬರಿನಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ಆರಂಭವಾಗುತ್ತದೆ. ಅದು ಮುಗಿಯುತ್ತಿದ್ದಂತೆ ರೊಬಸ್ಟಾ ಹಣ್ಣಾಗುತ್ತದೆ. ಜೊತೆಗೆ ಮೆಣಸಿನ ಕೊಯ್ಲು ಬರುತ್ತದೆ. ಇಳಿಜಾರಿನಲ್ಲಿ ನಿಂತು ರೆಂಬೆಯನ್ನು ಬಗ್ಗಿಸಿ ಹಣ್ಣು ಬಿಡಿಸುವುದು, ಉದುರಿದ ಹಣ್ಣನ್ನು ನೆಲದಿಂದ ಹೆಕ್ಕುವುದು, ತುಂಬಿದ ಮೂಟೆಯನ್ನು ರಸ್ತೆಯವರೆಗೆ ಹೊರುವುದು, ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುವುದು – ಇವೆಲ್ಲವೂ ಸೊಂಟ, ಹೆಗಲು, ಮಂಡಿಗಳ ಮೇಲೆ ಬೀಳುವ ಕೆಲಸಗಳು. ಇಪ್ಪತ್ತು ಮೂವತ್ತು ವರ್ಷ ಹೀಗೆ ದುಡಿದ ಹೆಂಗಸೊಬ್ಬಳನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಅವಳಿಗೆ ಸೊಂಟ ಹಿಡಿದಿರುತ್ತದೆ. ಅಂಗಡಿಯಿಂದ ತಂದ ನೋವಿನ ಮಾತ್ರೆಯೊಂದನ್ನು ಚಹಾದೊಡನೆ ನುಂಗಿ ಅವಳು ಕೆಲಸಕ್ಕೆ ಹೊರಡುತ್ತಾಳೆ. ಸಂಜೆಗೆ ಇನ್ನೊಂದು ಮಾತ್ರೆ. ಆಸ್ಪತ್ರೆಯಲ್ಲಿ ತೆಗೆಸಿದ ಕ್ಷಕಿರಣ ಚಿತ್ರದಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣದಿದ್ದರೆ, ಮನೆಯವರೇ ‘ಎಲ್ಲಾ ಮನಸ್ಸಿನ ಭ್ರಮೆ’ ಎಂದುಬಿಡುತ್ತಾರೆ. ಅಂದಿನಿಂದ ಅವಳಿಗೆ ಎರಡು ನೋವುಗಳಾಗುತ್ತವೆ: ಒಂದು ಸೊಂಟದ ನೋವು, ಇನ್ನೊಂದು, ತನ್ನ ಮಾತನ್ನು ಯಾರೂ ನಂಬಲಿಲ್ಲವೆಂಬ ನೋವು.

ಇಂಥವಳು ಈ ತೋಟಗಳಲ್ಲಿ ಮಾತ್ರ ಇರುವಳೆಂದು ತಿಳಿಯಬೇಕಾಗಿಲ್ಲ. 2006ರಲ್ಲಿ ಚಿಕೂನ್‌ಗುನ್ಯ ಜ್ವರವು ಕರ್ನಾಟಕದಲ್ಲಿ ಲಕ್ಷಾಂತರ ಜನರನ್ನು ಕಾಡಿತು. ಜ್ವರ ಕೆಲವೇ ದಿನಗಳಲ್ಲಿ ಬಿಟ್ಟಿತು. ಕೀಲುನೋವು ಮಾತ್ರ ಹಲವರಲ್ಲಿ ತಿಂಗಳುಗಟ್ಟಲೆ ಉಳಿಯಿತು. ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯಾದರೋ ವಂಶಪಾರಂಪರ್ಯವಾಗಿ ಬರತಕ್ಕದ್ದು. ಸೊಂಟದ ಕೀಲುಗಳನ್ನೂ ಮಂಡಿಗಳನ್ನೂ ಕೆಡಿಸುವ ಈ ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧಿ ಇಲ್ಲ. ರೋಗಿಯು ನೋವಿನೊಡನೆಯೇ ಬಾಳಬೇಕಾಗುತ್ತದೆ. ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹೊಸ ಪಟ್ಟಿಯಲ್ಲಿ ಅದಕ್ಕೆ ತನ್ನದೇ ಆದ ಸ್ಥಾನ ದೊರೆತಿದೆ.

ನೋವೆಂದರೆ ದೇವಸ್ಥಾನದ ಗಂಟೆಯ ಹಗ್ಗದಂತೆ ಎಂಬ ಭಾವನೆ ಬಹುಕಾಲ ಪ್ರಚಲಿತವಾಗಿತ್ತು. 17ನೆಯ ಶತಮಾನದಲ್ಲಿ ಫ್ರಾನ್ಸಿನ ತತ್ತ್ವಜ್ಞಾನಿ ದೇಕಾರ್ತನೂ ಇಂಥದೇ ಹೋಲಿಕೆಯನ್ನು ಕೊಟ್ಟಿದ್ದನು. ಕೆಳಗೆ ಹಗ್ಗವನ್ನು ಜಗ್ಗಿದರೆ ಮೇಲೆ ಗಂಟೆ ಬಾರಿಸುತ್ತದೆ. ಕಾಲಿಗೆ ಪೆಟ್ಟಾದರೆ ಮಿದುಳಿನಲ್ಲಿ ನೋವಾಗುತ್ತದೆ. ಹೆಚ್ಚು ಜಗ್ಗಿದಷ್ಟೂ ಹೆಚ್ಚು ಸದ್ದು. ಈ ಸರಳ ಚಿತ್ರವು ನಿಜವಾಗಿದ್ದರೆ ಎಷ್ಟು ಗಾಯವೋ ಅಷ್ಟೇ ನೋವು ಇರಬೇಕಾಗಿತ್ತು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ರಣರಂಗದಲ್ಲಿದ್ದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಬೇರೆಯೇ ಸಂಗತಿಯನ್ನು ಕಂಡನು. ಭೀಕರವಾಗಿ ಗಾಯಗೊಂಡು, ಇನ್ನೂ ಎಚ್ಚರವಾಗಿದ್ದ ಸೈನಿಕರನ್ನು ನೋವಿಗೆ ಮದ್ದು ಬೇಕೆ ಎಂದು ಕೇಳಿದಾಗ, ಸುಮಾರು ನಾಲ್ಕರಲ್ಲಿ ಮೂರು ಪಾಲು ಮಂದಿ ಬೇಡವೆಂದರು. ಈ ವಿಷಯವನ್ನು ಅವನು 1946ರಲ್ಲಿ ಪ್ರಕಟಿಸಿದನು. ಯುದ್ಧದಿಂದ ಜೀವಸಹಿತ ಪಾರಾದೆನೆಂಬ ಸಮಾಧಾನವು ಅವರ ನೋವನ್ನು ತಗ್ಗಿಸಿರಬೇಕೆಂದು ಬೀಚರ್ ತರ್ಕಿಸಿದನು. ಅಂದಮೇಲೆ ಹಗ್ಗಕ್ಕೂ ಗಂಟೆಗೂ ನಡುವೆ ಇನ್ನೇನೋ ಇದೆ ಎಂದಾಯಿತು.

ಆ ‘ಇನ್ನೇನೋ’ ಯಾವುದು? 1965ರಲ್ಲಿ ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಇದಕ್ಕೆ ಒಂದು ಉತ್ತರವನ್ನು ಸೂಚಿಸಿದರು. ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಒಂದು ‘ಗೇಟು’ ಇದೆ. ಆ ಗೇಟು ತೆರೆದರೆ ಸಂದೇಶವು ಮಿದುಳಿಗೆ ಹೆಚ್ಚಾಗಿ ಹೋಗುತ್ತದೆ, ಮುಚ್ಚಿದರೆ ಕಡಮೆಯಾಗಿ ಹೋಗುತ್ತದೆ ಎಂಬುದೇ ಅವರ ವಾದ. ಮಂಡಿಗೆ ಪೆಟ್ಟು ತಗುಲಿದೊಡನೆ ನಾವು ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲವೆ? ಸ್ಪರ್ಶದ ಸಂದೇಶವು ನೋವಿನ ಗೇಟನ್ನು ಅರ್ಧ ಮುಚ್ಚುವುದರಿಂದಲೇ ನಮಗೆ ಹಿತವೆನಿಸುತ್ತದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಮಿದುಳೂ ಮೇಲಿನಿಂದ ಆಜ್ಞೆ ಕಳುಹಿಸಿ ಈ ಗೇಟನ್ನು ತೆರೆಯಬಲ್ಲದು, ಮುಚ್ಚಬಲ್ಲದು. ಅವರ ಚಿತ್ರದ ಹಲವು ವಿವರಗಳು ಆಮೇಲೆ ತಿದ್ದುಪಡಿಯಾಗಿವೆ. ಆದರೆ ಮಿದುಳು ನೋವಿನ ಸಂದೇಶವನ್ನು ಸುಮ್ಮನೆ ಸ್ವೀಕರಿಸುವುದಿಲ್ಲ, ಅದನ್ನು ಹತೋಟಿಯಲ್ಲಿಡುತ್ತದೆ ಎಂಬ ತತ್ತ್ವವು ಗಟ್ಟಿಯಾಗಿ ನಿಂತಿದೆ.

ಈ ಹತೋಟಿಯು ಕೇವಲ ಮಾತಿನದಲ್ಲ, ರಾಸಾಯನಿಕವಾದದ್ದು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕಾಸ್ಟರ್ಲಿಟ್ಜ್ ಎಂಬವರು ಮಿದುಳಿನೊಳಗೇ ತಯಾರಾಗುವ, ಅಫೀಮಿನ ಮಾರ್ಫಿನಿನಂತೆ ಕೆಲಸ ಮಾಡುವ ವಸ್ತುಗಳನ್ನು ಪತ್ತೆಹಚ್ಚಿದರು. ಮೂರು ವರ್ಷಗಳ ತರುವಾಯ, 1978ರಲ್ಲಿ, ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗವೊಂದು ಇನ್ನೂ ಆಶ್ಚರ್ಯಕರವಾಗಿತ್ತು. ಮದ್ದಿಲ್ಲದ ಹುಸಿಮದ್ದಿನಿಂದ ಕೆಲವರ ನೋವು ಇಳಿಯುವುದುಂಟಷ್ಟೆ. ಮಾರ್ಫಿನಿನ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧಿಯನ್ನು ಕೊಟ್ಟಾಗ ಅವರ ನೋವು ಮತ್ತೆ ಏರಿತು. ಎಂದರೆ, ನಂಬಿಕೆಯಿಂದ ನೋವು ಇಳಿದಾಗ ದೇಹದೊಳಗೆ ನಿಜವಾದ ರಾಸಾಯನಿಕ ಕ್ರಿಯೆಯೇ ನಡೆದಿತ್ತು. ‘ನೋವು ಮನಸ್ಸಿನದು, ಆದುದರಿಂದ ಸುಳ್ಳು’ ಎನ್ನುವವರ ವಾದವು ಇಲ್ಲಿಗೆ ಮುರಿದುಬೀಳುತ್ತದೆ. ಮನಸ್ಸು ನೋವನ್ನು ಏರಿಸುವುದೂ ಇಳಿಸುವುದೂ ನರತಂತುಗಳ ಮೂಲಕವೇ. ಅದು ಜಠರದ ಜೀರ್ಣಕ್ರಿಯೆಯಷ್ಟೇ ನಿಜ.

ಇನ್ನು ಒತ್ತಡದ ಮಾತು. ದೇಹಕ್ಕೆ ಯಾವ ಬಗೆಯ ಆಘಾತ ಒದಗಿದರೂ ಒಂದೇ ತೆರನಾದ ಪ್ರತಿಕ್ರಿಯೆ ಕಾಣಬರುತ್ತದೆಂದು 1936ರಲ್ಲಿ ಹಾನ್ಸ್ ಸೆಲ್ಯೆ ತೋರಿಸಿದನು. ಈ ಪ್ರತಿಕ್ರಿಯೆಯನ್ನು ಸಕಲೇಶಪುರ ಆಲೂರು ಸೀಮೆಯವರಿಗೆ ವಿವರಿಸುವುದು ಕಷ್ಟವಲ್ಲ. ಇಲ್ಲಿಯ ಕಾಫಿತೋಟಗಳಲ್ಲಿ ಕಾಡಾನೆಗಳು ಓಡಾಡುತ್ತವೆ. ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಕಾರ್ಮಿಕರೂ ಬೆಳೆಗಾರರೂ ಇದ್ದಾರೆ. ಮಂಜು ಮುಸುಕಿದ ಬೆಳಗಿನಲ್ಲಿ ಕೆಲಸಕ್ಕೆ ಹೋಗುತ್ತಿರುವವನಿಗೆ ಹತ್ತು ಮಾರು ದೂರದಲ್ಲಿ ಆನೆ ಕಂಡಿತೆಂದಿಟ್ಟುಕೊಳ್ಳಿ. ಆ ಕ್ಷಣದಲ್ಲೇ ಅವನ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ನೆತ್ತರಿಗೆ ಬಿಡುತ್ತವೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ರಸವೂ ಹೆಚ್ಚುತ್ತದೆ. ಎದೆ ಬಡಿದುಕೊಳ್ಳುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕಾಲುಗಳಿಗೆ ಓಡುವ ಶಕ್ತಿ ಬರುತ್ತದೆ. ಓಡುವಾಗ ಕಾಲಿಗೆ ಮುಳ್ಳು ಚುಚ್ಚಿದರೂ ಅವನಿಗೆ ತಿಳಿಯದೆ ಹೋಗಬಹುದು. ಬೀಚರನ ಸೈನಿಕರಲ್ಲಿ ಕಂಡಂತೆ ಇಲ್ಲಿಯೂ ಗಾಯಕ್ಕೆ ತಕ್ಕಷ್ಟು ನೋವಿಲ್ಲ. ಅಲ್ಪಕಾಲದ ಒತ್ತಡವು ಹೀಗೆ ನಮ್ಮ ಪ್ರಾಣರಕ್ಷಕ.

ಆದರೆ ಆ ಆನೆ ದಿನವೂ ಮನಸ್ಸಿನಲ್ಲೇ ನಿಂತುಬಿಟ್ಟರೆ? ನಾಳೆ ಎಲ್ಲಿ ಎದುರಾಗುವುದೋ ಎಂಬ ಭಯ, ತೀರಿಸಬೇಕಾದ ಸಾಲ, ಮಗಳ ಕಾಲೇಜಿನ ಶುಲ್ಕ, ಕೆಲಸ ತಪ್ಪಿದರೆ ಕೂಲಿ ತಪ್ಪುವುದೆಂಬ ಚಿಂತೆ – ಇವು ಓಡಿ ತಪ್ಪಿಸಿಕೊಳ್ಳಲಾಗದ ಆನೆಗಳು. ಆಗ ಬಿಗಿದ ಸ್ನಾಯು ಸಡಿಲವಾಗುವುದೇ ಇಲ್ಲ. ಬಿಗಿದ ಸ್ನಾಯುವೇ ನೋಯತೊಡಗುತ್ತದೆ. ರಾತ್ರಿ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟವನಿಗೆ ಮರುದಿನ ಅದೇ ನೋವು ಇಮ್ಮಡಿಯಾಗಿ ತೋರುತ್ತದೆ. ಗಮನವೆಲ್ಲ ನೋವಿನ ಮೇಲೆಯೇ ನೆಟ್ಟಿರುತ್ತದೆ. ಬಹುಕಾಲ ನೋವಿನ ಸಂದೇಶವನ್ನೇ ಹೊತ್ತ ನರಮಂಡಲವು ಕೆಲವರಲ್ಲಿ ಅತಿಸೂಕ್ಷ್ಮವಾಗಿ, ಸಾಮಾನ್ಯ ಸ್ಪರ್ಶವನ್ನೂ ನೋವೆಂದು ಓದುವುದುಂಟು. ಗಾಯ ಮಾಗಿದರೂ ಎಚ್ಚರಿಕೆಯ ಗಂಟೆ ನಿಲ್ಲದು. ನೋವಿನಿಂದ ಚಿಂತೆ, ಚಿಂತೆಯಿಂದ ನಿದ್ರಾಹೀನತೆ, ನಿದ್ರಾಹೀನತೆಯಿಂದ ಮತ್ತಷ್ಟು ನೋವು – ಈ ಚಕ್ರವನ್ನು ಮಾತ್ರೆಯೊಂದೇ ಎಲ್ಲ ಕಡೆಯಲ್ಲಿಯೂ ಕತ್ತರಿಸಲಾರದು. ಎಲ್ಲೆಲ್ಲಿ ಸಾಧ್ಯವೋ ಅಲ್ಲಲ್ಲಿ ಅದನ್ನು ಕತ್ತರಿಸಬೇಕು.

ಹಾಗೆ ಕತ್ತರಿಸುವ ಉಪಾಯಗಳನ್ನು ವಿಜ್ಞಾನವು ಪರೀಕ್ಷಿಸಿ ನೋಡಿದೆ. ಅಮೆರಿಕದ ಎಡ್ಮಂಡ್ ಜೇಕಬ್ಸನ್ 1929ರಲ್ಲಿಯೇ ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುವ ಕ್ರಮವನ್ನು ಕುರಿತು ಪುಸ್ತಕ ಬರೆದನು. ಮುಷ್ಟಿಯನ್ನು ಕೆಲವು ಕ್ಷಣ ಬಿಗಿಹಿಡಿದು ಮೆಲ್ಲನೆ ಬಿಡುವುದು, ಬಳಿಕ ತೋಳು, ಹೆಗಲು, ಕತ್ತು, ಕಾಲು – ಹೀಗೆ ಸಾಗುವ ಈ ಅಭ್ಯಾಸದ ಸರಳ ರೂಪಕ್ಕೆ ಚಾಪೆಯೊಂದಿದ್ದರೆ ಸಾಕು. ನಿಧಾನವಾದ, ಉಸಿರು ಬಿಡುವ ಕಾಲ ದೀರ್ಘವಾಗಿರುವ ಉಸಿರಾಟವೂ ಇದರ ಜೊತೆಗಾರ. ಜಾನ್ ಕಬಟ್-ಝಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೇಂದ್ರದಲ್ಲಿ ಧ್ಯಾನವನ್ನು ಆಧರಿಸಿದ ತರಬೇತಿಯೊಂದನ್ನು ರೂಪಿಸಿದನು; ದೀರ್ಘಕಾಲದ ನೋವಿನವರು ಅವನ ಮೊದಲ ಶಿಷ್ಯರಲ್ಲಿದ್ದರು. ‘ಇನ್ನು ನನ್ನ ಕಥೆ ಮುಗಿಯಿತು’ ಎಂಬಂಥ ಆಲೋಚನೆಗಳನ್ನು ಗುರುತಿಸಿ, ಪರೀಕ್ಷಿಸಿ, ತಿದ್ದಿಕೊಳ್ಳುವ ವಿಧಾನವೂ ಒಂದುಂಟು. ನೋವಿಲ್ಲದ ದಿನ ಎಲ್ಲ ಕೆಲಸವನ್ನೂ ಒಮ್ಮೆಗೇ ಮುಗಿಸಿ, ಮರುದಿನ ಹಾಸಿಗೆ ಹಿಡಿಯುವುದಕ್ಕೆ ಬದಲಾಗಿ, ಕೆಲಸವನ್ನೂ ವಿಶ್ರಾಂತಿಯನ್ನೂ ಹಂಚಿಕೊಳ್ಳುವುದು ಮತ್ತೊಂದು.

ಇವುಗಳಿಂದ ಎಷ್ಟು ಪ್ರಯೋಜನ? ಇಲ್ಲಿ ಉತ್ಪ್ರೇಕ್ಷೆ ಕೂಡದು. 2016ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ, ದೀರ್ಘಕಾಲದ ಬೆನ್ನುನೋವಿನ 342 ಮಂದಿಯನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಧ್ಯಾನದ ತರಬೇತಿ, ಇನ್ನೊಂದಕ್ಕೆ ಆಲೋಚನೆಯನ್ನು ತಿದ್ದುವ ತರಬೇತಿ, ಮೂರನೆಯದಕ್ಕೆ ಎಂದಿನ ವೈದ್ಯ ಮಾತ್ರ. ತರಬೇತಿ ಪಡೆದವರೂ ತಮ್ಮ ಎಂದಿನ ವೈದ್ಯವನ್ನು ಮುಂದುವರಿಸಲು ಸ್ವತಂತ್ರರಾಗಿದ್ದರು. 26 ವಾರಗಳ ತರುವಾಯ ನೋಡಿದಾಗ, ದಿನದ ಕೆಲಸಕಾರ್ಯಗಳಲ್ಲಿ ಗಮನಾರ್ಹವಾದ ಸುಧಾರಣೆ ಕಂಡವರು ಎಂದಿನ ವೈದ್ಯದ ಗುಂಪಿನಲ್ಲಿ ನೂರಕ್ಕೆ ಸುಮಾರು 44. ಧ್ಯಾನದ ಗುಂಪಿನಲ್ಲಿ ಸುಮಾರು 60. ಆಲೋಚನೆ ತಿದ್ದಿಕೊಂಡವರಲ್ಲಿ ಸುಮಾರು 58. ಅದೇ ಬಗೆಯ ವಿಧಾನಗಳ 75 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಮಾಡಿದ ವಿಮರ್ಶೆಯು, ಆಲೋಚನೆಯನ್ನು ತಿದ್ದುವ ವಿಧಾನದಿಂದ ಸಿಗುವ ಪ್ರಯೋಜನವು ನಿಜ, ಆದರೆ ಸಣ್ಣದು ಎಂದು ಹೇಳಿತು. ಸಣ್ಣದೆಂದು ತಳ್ಳಿಹಾಕಬೇಕೆ? ಬಾವಿಯಿಂದ ಕೊಡ ನೀರು ತರಲಾರದಿದ್ದವಳು ತರುವಂತಾದರೆ, ಒಂದು ರಾತ್ರಿ ಎಡೆಬಿಡದೆ ನಿದ್ರಿಸಿದರೆ, ಅದು ಅವಳಿಗೆ ಸಣ್ಣದಲ್ಲ.

ಆದರೆ ಇದೇ ಅಂಕಿಗಳು ಇನ್ನೊಂದು ಪಾಠವನ್ನೂ ಕಲಿಸುತ್ತವೆ. ಮನಸ್ಸಿನ ಅಭ್ಯಾಸವು ಮದ್ದಿನ ಜೊತೆಗೆ ಬರಬೇಕೇ ಹೊರತು ಮದ್ದಿನ ಬದಲಿಗಲ್ಲ. ಸಂಧಿವಾತದ ಒಂದು ಬಗೆಯಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಅದನ್ನು ತಡೆಯುವ ಮೆಥೊಟ್ರೆಕ್ಸೇಟ್ ಮುಂತಾದ ಔಷಧಿಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳುತ್ತಿರುವವರು, ಯಾರದೋ ಮಾತು ಕೇಳಿ ‘ಧ್ಯಾನದಿಂದಲೇ ಗುಣಪಡಿಸಿಕೊಳ್ಳುತ್ತೇನೆ’ ಎಂದು ಮದ್ದು ನಿಲ್ಲಿಸಿದರೆ, ಕೀಲುಗಳು ಮತ್ತೆ ಸರಿಪಡಿಸಲಾಗದಂತೆ ಹಾಳಾಗಬಹುದು. ಇತ್ತ ಅಂಗಡಿಯಿಂದ ತಂದ ನೋವಿನ ಮಾತ್ರೆಗಳನ್ನು ತಾನೇ ಲೆಕ್ಕ ಹಾಕಿ ವರ್ಷಗಟ್ಟಲೆ ನುಂಗುವುದೂ ಅಷ್ಟೇ ಅಪಾಯ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಜಠರದಲ್ಲಿ ಹುಣ್ಣನ್ನೂ ರಕ್ತಸ್ರಾವವನ್ನೂ ಉಂಟುಮಾಡಬಲ್ಲವು, ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಮಿತಿಮೀರಿದರೆ ಯಕೃತ್ತಿಗೆ ಕೇಡು. ಮದ್ದಿನ ಪ್ರಮಾಣವನ್ನು ಏರಿಸುವುದಾಗಲಿ ಇಳಿಸುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರೊಡನೆ ಮಾತನಾಡಿಯೇ ನಡೆಯಬೇಕು. ಹೊಸದಾಗಿ ಕಾಲಿನ ಬಲ ಕುಂದಿದರೆ, ಮಲಮೂತ್ರಗಳ ಹತೋಟಿ ತಪ್ಪಿದರೆ, ನೋವಿನೊಡನೆ ಜ್ವರವೋ ತೂಕದ ಇಳಿತವೋ ಕಂಡರೆ, ಉಸಿರಾಟದ ಅಭ್ಯಾಸಕ್ಕೆ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವುಂಟು. ‘ಕೂಲಿಕಾರಳ ಸೊಂಟ ನೋಯುವುದು ಮೂಟೆಯ ಭಾರದಿಂದ; ಅವಳ ಭಯ ನಿಜವಾದ ಆನೆಯಿಂದ. ಭಾರವನ್ನು ಇಳಿಸದೆ, ಆನೆಯ ಕಾಟವನ್ನು ತಪ್ಪಿಸದೆ, ಉಸಿರಾಟ ಕಲಿಸುವುದು ಮೋಸವಲ್ಲವೆ?’ ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಒತ್ತಡವನ್ನು ನಿರ್ವಹಿಸುವುದೆಂದರೆ ಒತ್ತಡವನ್ನು ಮೌನವಾಗಿ ಸಹಿಸಿಕೊಳ್ಳುವುದೆಂದು ಅರ್ಥವಲ್ಲ. ಮೂಟೆಯನ್ನು ಎರಡು ಸಣ್ಣ ಮೂಟೆ ಮಾಡುವುದು, ಕೆಲಸದ ನಡುವೆ ಬಿಡುವು ಕೊಡುವುದು, ನೋವಿರುವವರಿಗೆ ಬಗ್ಗದ ಕೆಲಸ ಹಚ್ಚುವುದು – ಇವು ತೋಟದ ಯಜಮಾನರ ಹೊಣೆ. ಇವೂ ಒತ್ತಡದ ಚಿಕಿತ್ಸೆಯೇ. ಹಾಸನ ಜಿಲ್ಲೆಯಲ್ಲಿ ಆನೆಗಳ ಚಲನವಲನವನ್ನು ಮೊಬೈಲ್ ಸಂದೇಶಗಳ ಮೂಲಕ ಜನರಿಗೆ ಮುಂದಾಗಿ ತಿಳಿಸುವ ಏರ್ಪಾಡು ನಡೆದುಬಂದಿದೆ. ಅದು ಜೀವಗಳನ್ನು ಉಳಿಸುವುದರ ಜೊತೆಗೆ, ಬೆಳಗಾಗೆದ್ದು ತೋಟಕ್ಕೆ ಹೋಗುವವರ ಎದೆಬಡಿತವನ್ನೂ ಇಳಿಸಬಲ್ಲದು. ಆದರೆ ಭಾರವೆಲ್ಲ ಇಳಿಯುವವರೆಗೆ ಇಂದಿನ ನೋವಿನವಳು ಕಾಯುತ್ತಾ ಕುಳಿತಿರಬೇಕೆ? ಎರಡೂ ಒಟ್ಟಿಗೆ ನಡೆಯಬೇಕು.

ಇದನ್ನೆಲ್ಲ ಹಳ್ಳಿಗಳಲ್ಲಿ ಕಲಿಸುವವರು ಯಾರು ಎಂದು ಕೇಳಬಹುದು. ಉತ್ತರವು ನಮ್ಮ ನಾಡಿನಲ್ಲೇ ಇದೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟರೆ ಹಳ್ಳಿಯವರಿಗೆ ಹತ್ತಿರದಲ್ಲೇ ಚಿಕಿತ್ಸೆ ದೊರಕಬಲ್ಲದೆಂದು ಅದು ತೋರಿಸಿಕೊಟ್ಟಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ದೂರವಾಣಿ ಮಾಡಿ ಉಚಿತವಾಗಿ ಸಲಹೆ ಪಡೆಯುವ ಅನುಕೂಲವೂ ಉಂಟಾಗಿದೆ. ಸಕಲೇಶಪುರದಲ್ಲಿ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ ಇದೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಇಂಥ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ವಾರಕ್ಕೊಮ್ಮೆಯಾದರೂ ನೋವಿನವರಿಗಾಗಿ ಒಂದು ಗಂಟೆಯನ್ನು ಮೀಸಲಿಡಬೇಕು. ಮಾತ್ರೆಯ ಚೀಟಿಯ ಜೊತೆಗೆ, ಸ್ನಾಯು ಸಡಿಲಿಸುವ ಅಭ್ಯಾಸ, ನಿದ್ರೆಯ ನಿಯಮ, ಮೆಲ್ಲಮೆಲ್ಲನೆ ಹೆಚ್ಚಿಸುವ ವ್ಯಾಯಾಮ ಇವುಗಳನ್ನು ಕನ್ನಡದಲ್ಲಿ ಹೇಳಿಕೊಡಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ತರಬೇತಿ ಪಡೆದ ಒಬ್ಬ ದಾದಿಯೂ, ಅವಳಿಗೊಂದು ಕೋಣೆಯೂ ಇದ್ದರೆ ಸಾಕು.

ತರುಣ ವಾಚಕರೇ, ನೀವು ವೈದ್ಯರಲ್ಲದಿರಬಹುದು. ಆದರೆ ನಿಮ್ಮ ಮನೆಯಲ್ಲಿ ಅಜ್ಜಿಯೋ ತಾಯಿಯೋ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿರಬಹುದು. ಅವರ ನೋವು ನಿಜವೆಂದು ನಂಬುವುದು ನೀವು ಮಾಡಬಹುದಾದ ಮೊದಲ ಸಹಾಯ. ಅವರು ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತಿದ್ದಾರೆಂದು ಬರೆದಿಟ್ಟು ವೈದ್ಯರಿಗೆ ತೋರಿಸುವುದು ಎರಡನೆಯದು. ಸಂಜೆ ಹತ್ತು ನಿಮಿಷ ಅವರ ಪಕ್ಕದಲ್ಲಿ ಕುಳಿತು, ಅವರೊಡನೆ ತಾವೂ ನಿಧಾನವಾಗಿ ಉಸಿರಾಡುವುದು ಮೂರನೆಯದು. ಮನಸ್ಸು ನೋವನ್ನು ತಗ್ಗಿಸಬಲ್ಲದೆಂದು ಅವರಿಗೆ ಹೇಳುವಾಗ, ‘ಹಾಗಾದರೆ ಇದು ಬರೀ ಮನಸ್ಸಿನದೇ’ ಎಂಬ ಮಾತು ಮಾತ್ರ ಎಂದಿಗೂ ಬಾಯಿಂದ ಬರಕೂಡದು.

ಇನ್ನೊಮ್ಮೆ ನೀವು ದೋಣಿಗಲ್ಲಿನ ಬಳಿ ಘಾಟಿಯನ್ನು ಏರಿ ಬರುವ ಸರಕುಗಾಡಿಯನ್ನು ಕಂಡರೆ, ಕೊನೆಯ ಬೋಗಿ ಹಾದುಹೋಗುವವರೆಗೆ ನಿಂತು ನೋಡಿ. ಹಿಂದೆ ಒತ್ತುತ್ತಿರುವ ಇಂಜಿನು ಆಗ ಕಣ್ಣಿಗೆ ಬೀಳುತ್ತದೆ. ಅದು ಒಂದೇ ಆ ಗಾಡಿಯನ್ನು ಮೇಲಕ್ಕೆ ತರಲಾರದು, ನಿಜ. ಆದರೆ ಅದನ್ನು ಕಳಚಿಬಿಟ್ಟರೆ ಗಾಡಿ ನಡುದಾರಿಯ ಸುರಂಗದಲ್ಲೇ ನಿಂತೀತು. ನೋವಿನ ಏರನ್ನು ಹತ್ತುತ್ತಿರುವ ನಮ್ಮ ಜನಕ್ಕೆ ಇಂದು ನಾವು ಮುಂದಣ ಇಂಜಿನನ್ನು ಮಾತ್ರ ಕೊಟ್ಟಿದ್ದೇವೆ. ಹಿಂದಿನದನ್ನೂ ಜೋಡಿಸಬೇಕಾಗಿದೆ.